ನೂರಕ್ಕೊಂದು ಕೊಸರು

ಖಾನಾಪುರದ ಗುರುಪುತ್ರಪ್ಪನವರ ಕಾರಖಾನೆಯಿಂದ ಹೊರಬಿದ್ದ ಒಂದೇ ಒಂದು ಬುಶ್ ಇಪ್ಪತ್ತೆರಡು ವರ್ಷಗಳಲ್ಲಿ ವಾಪಸು ಬಂದಿರಲಿಲ್ಲ. ಈ ಸಂಗತಿ ತಾಲೂಕಿನಲ್ಲಿ ಯಾರಿಗಾದರೂ ಗೊತ್ತಿಲ್ಲ ಎಂದರೆ ಆ ಮನುಷ್ಯ ಹೊಸದಾಗಿ ವರ್ಗವಾಗಿ ಬಂದವನೇ ಇರಬೇಕು. ಏಕೆಂದರೆ ಗುರುಪುತ್ರಪ್ಪ ಇದನ್ನು ಮದುವೆ ಮನೆಯಲ್ಲಿ ಹೇಳಿದ್ದರು, ಮಣ್ಣಿಗೆ ಹೋದಲ್ಲಿ ಹೇಳಿದ್ದರು, ಹಲ್ಲು ಕೀಳಿಸಲು ಹೋದಾಗ ಡಾಕ್ಟರರ ಇಕ್ಕಳ ಬಾಯೊಳಗೆ ಇರುವಾಗಲೇ ಹೇಳಿದ್ದರು. ಡಾಕ್ಟರರಿಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು ಅನುಮಾನ ಬಂದು, ಹತ್ತಿ ಉಗುಳಿ ಮತ್ತೊಮ್ಮೆ ಹೇಳಿದರು.

ಬುಶ್ ಎಂದರೆ ಮತ್ತೇನಲ್ಲ. ನೀರೆತ್ತುವ ಪಂಪಿನ ಹೊಟ್ಟೆಯಲ್ಲಿ ಗಿರ್ರನೆ ತಿರುಗುವ ದಂಡವೊಂದಿರುತ್ತದಲ್ಲ, ಅದರ ಸುತ್ತ ಕೂಡುವ ಹಿತ್ತಾಳೆಯ ದಪ್ಪ ಬಳೆ. ಎರಕದ ತುಂಡನ್ನು ಲೇಥು ಎಂಬ ತಿರುಗುವ ಯಂತ್ರಕ್ಕೆ ಕಟ್ಟಿ, ಒಳಗಿನ ತೂತನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೊರೆಯಬೇಕು. ಬೆಳಗಾವಿಯ ಅಂಚಿಗೆ, ಮಚ್ಛೆಯಲ್ಲಿರುವ ಪಂಪಿನ ಕಂಪನಿಯೊಂದಕ್ಕೆ ಗುರುಪುತ್ರಪ್ಪನವರ ಅಪ್ಪ ಈ ಬುಶ್ ಕೊಡಲು ಸುರುಮಾಡಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪ ಲಿಂಗೈಕ್ಯರಾದ ಮೇಲೆ ಮಗ ಗಾದಿಗೆ ಬಂದರು. ಎರಡು ಲೇಥು, ಹನ್ನೊಂದು ಜನ ಕೆಲಸಗಾರರು, ಗಿರಾಕಿ ಮಾತ್ರ ಆ ಕಂಪನಿ ಒಂದೇ. ಅದು ಕೈಬಿಟ್ಟರೆ ಹನ್ನೆರಡು ಮನೆಗಳ ಒಲೆಗೆ ತಣ್ಣೀರು.

ಅಂಥ ಕಂಪನಿಯಿಂದ ಒಂದು ದಿನ ಹೃಷೀಕೇಶ ಎಂಬ ಅಧಿಕಾರಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ವಯಸ್ಸು ಮೂವತ್ತರ ಆಜುಬಾಜು, ಮಾತು ಮೆತ್ತಗೆ.

"ಇನ್ನ ಮುಂದ ಫೋನು ಇಲ್ಲ, ಚೀಟಿ ಇಲ್ರೀ," ಎಂದ ಅವನು. "ಎಷ್ಟು ಬುಶ್ ಬೇಕಂತ ನಮ್ಮ ಕಂಪ್ಯೂಟರ್ ನಿಮ್ಮ ಕಂಪ್ಯೂಟರಿಗೆ ಹೇಳ್ತದ. ಆಗ್ತದಂತ ನಿಮ್ದು ಒಪ್ಪಿಗಿ ಕೊಡ್ತದ. ಮಾಲು ಹೊರಡೂ ಮೊದಲ, ಯಾವ ಪೆಟ್ಟಿಗ್ಯಾಗ ಎಷ್ಟು ಅವ ಅಂತ ನಿಮ್ದು ಹೇಳ್ತದ. ಮುಟ್ಟಿದ ಮ್ಯಾಲೆ ಎಷ್ಟು ಛಲೋ, ಎಷ್ಟು ಕೆಟ್ಟವು ಅಂತ ನಮ್ದು ತಿರುಗಿ ಹೇಳ್ತದ. ಇದಕ್ಕ ಇಡಿಐ ಅಂತಾರ. ನಡುವ ಮನುಷ್ಯಾರು ಮಾತಾಡೂ ಕೆಲಸನ ಇಲ್ಲ."

"ಮನುಷ್ಯಾರು ಮಾತಾಡಲಿಲ್ಲಂದ್ರ ಚಾ ಯಾರ್ ಕುಡೀತಾರ್ರಿ?" ಎಂದು ಗುರುಪುತ್ರಪ್ಪ ಕೇಳಿದರು. ಇದು ಚೇಷ್ಟೆಯಲ್ಲ, ನಿಜವಾದ ಚಿಂತೆ.

ಹೃಷೀಕೇಶ ನಕ್ಕು, ಮುಖ್ಯವಾದ ಮಾತಿಗೆ ಬಂದ. ಮೂರು ಸಲ ಪರೀಕ್ಷೆಯ ಮಾಲು ಹೋಗಬೇಕು, ಸಲಕ್ಕೆ ಐನೂರು ಬುಶ್. ಮೂರರಲ್ಲಿ ಒಂದು ಸಲವಾದರೂ ಹೇಳಿದ್ದಕ್ಕೂ ಕಳಿಸಿದ್ದಕ್ಕೂ ತಾಳೆಯಾಗಬೇಕು, ಒಂದೂ ಕೆಟ್ಟದ್ದಿರಬಾರದು. ಮೂರೂ ಸಲ ತಪ್ಪಿದರೆ ಕಂಪ್ಯೂಟರ್ ತಾನಾಗಿಯೇ ಖಾನಾಪುರದ ಹೆಸರು ಹೊಡೆದುಹಾಕಿ ಬೇರೆಯವರಿಗೆ ಕೆಲಸ ಕೊಡುತ್ತದೆ. ಪ್ರತಿ ಬುಶ್ಶಿನ ಅಂಚಿಗೆ ಒಂದು ನಂಬರು ಹೊಡೆಯಬೇಕು. ಆ ನಂಬರಿನ ಮುಂದೆ ಯಾವ ಲೇಥು, ಎಷ್ಟು ಗಂಟೆ, ಯಾವ ಕೆಲಸಗಾರ ಎಂಬುದನ್ನೂ ಕಳಿಸಬೇಕು.

"ಕಳಸೋಣಲ್ರಿ, ಅದೇನ್ ದೊಡ್ಡ ಮಾತು," ಎಂದರು ಗುರುಪುತ್ರಪ್ಪ. "ಇಪ್ಪತ್ತೆರಡು ವರ್ಷದಾಗ ನಮ್ಮ ಒಂದ ಒಂದು ಬುಶ್..."

"ಗೊತ್ತದರೀ," ಎಂದ ಹೃಷೀಕೇಶ. ಅವನಿಗೂ ಗೊತ್ತಿತ್ತು.

ಕಂಪ್ಯೂಟರಿನ ಉಸ್ತುವಾರಿ ಸೊಸೆ ಪೂರ್ಣಿಮಾಳ ಪಾಲಿಗೆ ಬಂತು. ಪಾರಿಶ್ವಾಡದ ಹುಡುಗಿ, ಡಿಪ್ಲೊಮಾ ಮುಗಿಸಿದವಳು, ಕಡಿಮೆ ಮಾತಿನವಳು. ಹನ್ನೊಂದು ಕೆಲಸಗಾರರಿಗೂ ಒಂದರಿಂದ ಹನ್ನೊಂದರವರೆಗೆ ನಂಬರು ಕೊಟ್ಟಳು. ತೂತು ಕೊರೆಯುವ ಎರಡನೇ ಲೇಥಿನ ಗುರುಸಿದ್ದನಿಗೆ ನಾಲ್ಕನೇ ನಂಬರು ಬಂತು. ಅವನು ಅಪ್ಪನ ಕಾಲದ ಆಳು, ಆ ಲೇಥಿನ ಕೆಲಸ ಅವನೊಬ್ಬನದೇ.

ಮೊದಲ ಆರ್ಡರು ಸೋಮವಾರ ಬೆಳಿಗ್ಗೆ ಟಿಣ್ ಎಂದು ಬಂದಾಗ ಬಾಜು ಮನೆಯ ಬಾಳಕೃಷ್ಣ ಮಾಸ್ತರರೂ ಅಲ್ಲಿದ್ದರು. ಅವರು ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ತರರಾಗಿ ನಿವೃತ್ತರಾದವರು. ಪತ್ರ ಎಂಬ ಹೆಸರಿನ ಯಾವ ವಸ್ತು ಊರಿಗೆ ಬಂದರೂ ಅದನ್ನು ತಪಾಸು ಮಾಡುವ ಹಕ್ಕು ತಮಗಿನ್ನೂ ಉಳಿದಿದೆ ಎಂದು ನಂಬಿದವರು. ಕನ್ನಡಕ ಏರಿಸಿ ಪರದೆಯ ಹತ್ತಿರ ಮೂಗು ಒಯ್ದು ಅಂಚೆಯ ಮುದ್ರೆ ಹುಡುಕಿದರು.

"ಸಿಕ್ಕಾ ಎಲ್ಲಿ ಅದ?"

"ಸಿಕ್ಕಾ ಇರೂದಿಲ್ರಿ ಅಜ್ಜಾರ. ಹೊರಟಿದ್ದು ಹತ್ತು ಗಂಟೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿಗೆ. ಮುಟ್ಟಿದ್ದು ಹನ್ನೆರಡನೇ ಸೆಕೆಂಡಿಗೆ," ಎಂದಳು ಪೂರ್ಣಿಮಾ.

"ಅರೇ ದೇವಾ!" ಮಾಸ್ತರರು ಕುರ್ಚಿ ಹುಡುಕಿ ಕೂತರು. "ಮಚ್ಛೆಯಿಂದ ಖಾನಾಪುರಕ್ಕ ಒಂದು ಸೆಕೆಂಡು! ನನ್ನ ಸರ್ವಿಸಿನೊಳಗ ಭಾಳ ಲಗೂನ ಬಂದ ಪತ್ರಂದ್ರ ಎರಡು ದಿವಸ. ಅದೂ ಬರದಾಂವ ತಾನ ಬಸ್ಸಿನ್ಯಾಗ ಕೂತು ತಂದು ಡಬ್ಬಿಗಿ ಹಾಕಿದ್ದ."

ಗುರುಪುತ್ರಪ್ಪನವರಿಗೆ ಮಾತ್ರ ಸಮಾಧಾನವಿರಲಿಲ್ಲ. "ಶರಣ್ರೀ ಅಂತಿಲ್ಲ, ಆರಾಮಿದ್ದೀರೇನ್ ಅಂತಿಲ್ಲ. ಬಂದ ಕೂಡಲೆ ಐನೂರು ಕೊಡು ಅಂತೈತಿ. ಹೋಗಲಿ, ನಾವು ಮರ್ಯಾದಿ ಬಿಡೂದು ಬ್ಯಾಡ. ಪೂರ್ಣಿಮಾ, ನಾವೆಲ್ಲಾ ಇಲ್ಲಿ ಕ್ಷೇಮ, ನಿಮ್ಮ ಕಡೆ ಮಳಿ ಹ್ಯಾಂಗೈತಿ ಅಂತ ಮೊದಲ ಬರಿ."

"ಅದಕ್ಕ ಜಾಗಾನ ಇಲ್ರಿ ಮಾವಾರ. ಹೂಂ ಅನ್ನಬೇಕು, ಇಲ್ಲಾ ಊಹೂಂ ಅನ್ನಬೇಕು."

"ಎಂಥಾ ಚೊಕ್ಕ ವ್ಯವಹಾರ!" ಎಂದು ಮಾಸ್ತರರು ಮೂಗಿನ ಮೇಲೆ ಬೆರಳಿಟ್ಟರು.

ಹತ್ತು ದಿನದಲ್ಲಿ ಐನೂರು ಬುಶ್ ತಯಾರಾದವು. ನೂರರಂತೆ ಐದು ಪೆಟ್ಟಿಗೆ. ಪೂರ್ಣಿಮಾ ಐನೂರು ಎಂದು ಸಂದೇಶ ಕಳಿಸಿದಳು. ಟೆಂಪೋ ಹೊರಡುವ ಮುಂಚೆ ಗುರುಪುತ್ರಪ್ಪ, ಅಪ್ಪ ಮಾಡುತ್ತಿದ್ದ ಹಾಗೆ, ಪ್ರತಿ ಪೆಟ್ಟಿಗೆಗೂ ಒಂದೊಂದು ಬುಶ್ ಹೆಚ್ಚಿಗೆ ಹಾಕಿದರು. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಒಂದು ಹೆಚ್ಚಿಗೆ ಹಾಕುತ್ತಾರಲ್ಲ, ಆ ಕೊಸರು. ನೂರಕ್ಕೊಂದು. ಕೊಸರಿಲ್ಲದೆ ಮಾಲು ಕೊಡುವುದು ಅವರ ಮನೆತನದಲ್ಲಿ ತಲೆಗೆ ಪಟಗಾ ಇಲ್ಲದೆ ಬೀಗರ ಮನೆಗೆ ಹೋದ ಹಾಗೆ.

ಕಂಪನಿಯ ಗೇಟಿನಲ್ಲಿ ಹೊಸ ತಕ್ಕಡಿ ಕೂಡಿಸಿದ್ದರು. ಒಂದು ಬುಶ್ಶಿನ ತೂಕ ಎಷ್ಟೆಂದು ಅದಕ್ಕೆ ಗೊತ್ತು. ಪೆಟ್ಟಿಗೆ ಇಟ್ಟರೆ ಸಾಕು, ಒಳಗೆ ಎಷ್ಟಿವೆ ಎಂದು ಹೇಳುತ್ತದೆ. ಹೇಳಿತು. ಕೆಂಪು ದೀಪ ಹತ್ತಿತು, ಗೇಟಿನ ಅಡ್ಡಪಟ್ಟಿ ಕೆಳಗಿಳಿಯಿತು, ಒಳಗಿಂದ ಹೃಷೀಕೇಶ ಬಂದ.

"ಐನೂರಾ ಐದು ಅವಲ್ರೀ."

"ಹೌದ್ರಿ," ಎಂದರು ಗುರುಪುತ್ರಪ್ಪ, ಶಾಲು ಹೊದಿಸಲು ಬಂದಿದ್ದಾರೇನೋ ಎಂಬಂತೆ ಎದೆ ಮುಂದೆ ಮಾಡಿ.

"ಆದ್ರ ನೀವು ಐನೂರು ಅಂತ ಹೇಳೀರಿ."

"ಹೇಳೂದು ಐನೂರು, ಕೊಡೂದು ಐನೂರಾ ಐದು. ಇದು ನಮ್ಮ ಮನಿ ರೀತಿ. ಅವಕ್ಕ ರೊಕ್ಕಾ ಬ್ಯಾಡ್ರಿ, ಅವು ಕೊಸರು."

"ಮಷೀನಿಗೆ ಕೊಸರು ತಿಳಿಯೂದಿಲ್ರೀ."

"ಅಲ್ರೀ ಸಾಹೇಬ್ರ, ಕಡಿಮಿ ಕೊಟ್ಟಾಂವಗ ಕಳ್ಳ ಅನ್ರಿ, ಒಪ್ಪತೀನಿ. ಹೆಚ್ಚಿಗಿ ಕೊಟ್ಟಾಂವಗ ಏನಂತೀರಿ?"

"ಅದಕ್ಕೂ ತಪ್ಪು ಅಂತನ ಅಂತದ," ಎಂದ ಹೃಷೀಕೇಶ, ನೋಯಿಸಬಾರದೆಂದು ದನಿ ತಗ್ಗಿಸಿ. "ನಾಳೆ ಒಂದು ಪಂಪು ಕೆಟ್ಟರ, ಅದರಾಗಿನ ಬುಶ್ ಯಾವ ದಿನ, ಯಾರ ಕೈಯಾಗ ಆಗಿದ್ದು ಅಂತ ಹುಡುಕಿ ತಗೀತದರೀ ಇದು. ನಿಮ್ಮ ಐದಕ್ಕ ನಂಬರ ಇಲ್ಲ. ಅದರ ಪಾಲಿಗೆ ಅವು ಹುಟ್ಟೇ ಇಲ್ಲ."

"ನನ್ನ ಕಣ್ಣಮುಂದ ಹುಟ್ಟ್ಯಾವ್ರೀ!"

ಹುಟ್ಟಿದ್ದಕ್ಕೆ ಸಾಕ್ಷಿ ಹೇಳಿದರೂ ಉಪಯೋಗವಾಗಲಿಲ್ಲ. ಟೆಂಪೋ ಐನೂರಾ ಐದನ್ನೂ ಹೊತ್ತುಕೊಂಡು ಖಾನಾಪುರಕ್ಕೆ ತಿರುಗಿತು. ಮೊದಲ ಪರೀಕ್ಷೆ ಹೋಯಿತು.

ಟೆಂಪೋ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂತಾಪ ಸೂಚಿಸಲು ಪಾರಿಶ್ವಾಡದಿಂದ ಬೀಗರು ಫೋನು ಮಾಡಿ, "ಆದದ್ದಾತು, ಊಟಾ ಮಾಡ್ರಿ ಮೊದಲ," ಎಂದರು. ಬಾಳಕೃಷ್ಣ ಮಾಸ್ತರರು, "ತಿಕೀಟು ಕಡಿಮಿ ಹಚ್ಚಿದ ಪತ್ರಕ್ಕ ದಂಡ ಹಾಕೀನಿ. ತಿಕೀಟು ಹೆಚ್ಚಿಗಿ ಹಚ್ಚಿದ್ದನ್ನ ವಾಪಸು ಕಳಿಸಿದ್ದು ಕೇಳಿಲ್ಲಪಾ," ಎಂದು ಬೆರಗಾದರು. ಸಂಜೆಯ ಹೊತ್ತಿಗೆ ಸುದ್ದಿ ಬಾಯಿಂದ ಬಾಯಿಗೆ ಬೆಳೆದು, ಐದು ಬುಶ್ ಕಳುವಾಗಿವೆ ಎಂದಾಗಿ ಪೊಲೀಸ್ ಠಾಣೆಗೂ ಹೋಯಿತು. ಹವಾಲ್ದಾರರೊಬ್ಬರು ವಹಿ ಹಿಡಿದುಕೊಂಡು ಬಂದರು.

"ಕಳುವಾಗಿಲ್ರಿ. ಐದು ಹೆಚ್ಚಾಗ್ಯಾವು," ಎಂದರು ಗುರುಪುತ್ರಪ್ಪ ಹಲ್ಲು ಕಚ್ಚಿ.

ಹವಾಲ್ದಾರರು ವಹಿಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. "ಹೆಚ್ಚಾದದ್ದಕ್ಕ ನಮ್ಮಲ್ಲೆ ಕಲಮ ಇಲ್ಲಲ್ರೀ," ಎಂದು ಬೇಜಾರಿನಿಂದ ವಹಿ ಮುಚ್ಚಿ, ಚಹಾ ಕುಡಿದು ಹೋದರು.

ಎರಡನೆಯ ಮಾಲಿಗೆ ಗುರುಪುತ್ರಪ್ಪ ಲಿಂಗ ಮುಟ್ಟಿ ಆಣೆ ಮಾಡಿದರು. ಅರಿಷಿಣ ಹಚ್ಚಿದ ಅಕ್ಕಿಯ ಕಾಳೂ ಹೆಚ್ಚಿಗೆ ಹೋಗಕೂಡದು! ಹೊಸ ಬುಶ್ಶುಗಳನ್ನು ತಾವೇ ಎರಡು ಸಲ ಎಣಿಸಿ, ಪೆಟ್ಟಿಗೆಗೆ ಟೇಪು ಸುತ್ತಿ, ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಪೆಟ್ಟಿಗೆಗಳ ಪಕ್ಕದಲ್ಲೇ ಕೂತು ಮಚ್ಛೆಗೆ ಹೋದರು.

ಪೆಟ್ಟಿಗೆ ಇಟ್ಟರು. ಕೆಂಪು ದೀಪ.

"ಐನೂರಾ ಐದು," ಎಂದ ಹೃಷೀಕೇಶ. ಈ ಸಲ ಅವನಿಗೇ ಅಳು ಬರುವಂತಿತ್ತು.

"ಸುಳ್ಳು!" ಗುರುಪುತ್ರಪ್ಪನವರ ಕೂಗಿಗೆ ಗೇಟಿನ ಕಾವಲುಗಾರರು, ಬೇರೆ ಊರಿನ ಲಾರಿ ಡ್ರೈವರುಗಳು, ಕ್ಯಾಂಟೀನಿನವರು ಎಲ್ಲ ಬಂದು ನೆರೆದರು. "ನಿಮ್ಮ ತಕ್ಕಡಿ ತಲಿ ಕೆಟ್ಟೇತಿ! ನನ್ನ ಕೈಯಾರೆ ಎಣಿಸಿ ತಂದೀನಿ. ಒಡೀರಿ ಪೆಟಗಿ! ಈ ಎಲ್ಲಾರ ಮುಂದ ಒಡೀರಿ!"

ಒಡೆದರು. ಮೊದಲ ಪೆಟ್ಟಿಗೆಯಲ್ಲಿ, ಸಾಲಾಗಿ ಮಲಗಿದ್ದ ಬುಶ್ಶುಗಳ ಮೇಲೆ, ಇಳಕಲ್ ಸೀರೆಯ ಹಳೇ ತುಂಡಿನಲ್ಲಿ ಸುತ್ತಿದ ಒಂದು ಬುಶ್ ಇತ್ತು. ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದಿತ್ತು. ಎರಡನೆಯ ಪೆಟ್ಟಿಗೆಯಲ್ಲೂ ಅಂಥದೇ ಒಂದು. ಮೂರನೆಯದರಲ್ಲೂ. ಲಾರಿ ಡ್ರೈವರೊಬ್ಬ ಭಕ್ತಿಯಿಂದ ಕೈ ಮುಗಿದ. ಗುರುಪುತ್ರಪ್ಪನವರಿಗೆ ಆ ಸೀರೆಯ ಗುರುತು ಹತ್ತಿತು. ಅದು ಅವ್ವನದು.

"ಇವು..." ಎಂದರು, ಸೀರೆಯ ತುಂಡನ್ನು ಮಡಚಿ ಕಿಸೆಗೆ ಇಟ್ಟುಕೊಂಡು, "ಇವು ನಮ್ಮ ಮನ್ಯಾವ್ರ."

ಎರಡನೆಯ ಪರೀಕ್ಷೆಯೂ ಹೋಯಿತು. ಆದರೆ ಹೃಷೀಕೇಶ ಒಳ್ಳೆಯ ಮನುಷ್ಯ. ಮಾಲು ತಂದಿದ್ದೀರಿ, ಉಳಿದ ಐನೂರನ್ನು ತಪಾಸು ಮಾಡಿಸುತ್ತೇನೆ, ಮೂರನೇ ಸಲಕ್ಕೆ ನಿಮಗೂ ಧೈರ್ಯ ಬರುತ್ತದೆ ಎಂದು ಒಳಗೆ ಕರೆದೊಯ್ದ. ಗುರುಪುತ್ರಪ್ಪ ಕೂತು, ಕಾಲ ಮೇಲೆ ಕಾಲು ಹಾಕಿ ಕಾಯ್ದರು. ತಪಾಸಿನ ಬಗ್ಗೆ ಅವರಿಗೆ ಭಯವೇ ಇರಲಿಲ್ಲ. ಎರಡು ತಾಸಿನ ಮೇಲೆ ಹೃಷೀಕೇಶ ಬಂದು ನಾಲ್ಕು ಬುಶ್ ಮೇಜಿನ ಮೇಲಿಟ್ಟ.

"ನಾಲ್ಕು ಕೆಟ್ಟಾವ್ರೀ. ತೂತು ದೊಡ್ಡವಾಗ್ಯಾವ."

"ಸಾಧ್ಯನ ಇಲ್ಲ! ಇಪ್ಪತ್ತೆರಡು ವರ್ಷದಾಗ ನಮ್ಮ ಒಂದ ಒಂದು ಬುಶ್..."

ಹಿಂದಿನಿಂದ ಯಾರೋ ಕೆಮ್ಮಿದರು. ಸಾಮಾನಿನ ಕೋಣೆ ನೋಡಿಕೊಳ್ಳುವ ಕಲ್ಲಯ್ಯ ಅದು. ಖಾಸಬಾಗದವರು, ತಲೆಯೆಲ್ಲ ಬೆಳ್ಳಗಾದ ಮನುಷ್ಯ, ಇನ್ನು ಆರು ತಿಂಗಳಿಗೆ ನಿವೃತ್ತಿ. ಅವರು ಗುರುಪುತ್ರಪ್ಪನವರನ್ನು ಕರೆದುಕೊಂಡು ಹೋಗಿ ಮೂಲೆಯ ಕಬ್ಬಿಣದ ಕಪಾಟು ತೆರೆದರು. ಒಳಗೆ ಮೂರೇ ಮೂರು ಬುಶ್ ಇದ್ದವು.

"ಇದು ನಿಮ್ಮ ಕೊಸರಿನ ಕಪಾಟು, ಗುರುಪುತ್ರಪ್ಪಾರ. ನಿಮ್ಮಪ್ಪಾರ ನನಗ ಹೇಳಿದ್ರು: ಕಲ್ಲಯ್ಯಾ, ನಾವೇನು ದೇವರಲ್ಲ, ಕೈ ತಪ್ಪತೈತಿ. ನೂರಕ್ಕ ಒಂದು ಹೆಚ್ಚಿಗಿ ಹಾಕಿರ್ತೀನಿ, ಕೆಟ್ಟದ್ದು ಬಂದ್ರ ತಗದು ಇದನ್ನ ಇಡು, ಕೆಲಸ ನಿಲ್ಲಿಸಬ್ಯಾಡ ಅಂತ. ಅವರ ಕಾಲಕ್ಕ ಕೆಟ್ಟದ್ದ ಬರತಿದ್ದಿಲ್ಲ. ಈ ಕಪಾಟು ತುಂಬಿ ಬಾಗಲಾ ಹಾಕಾಕ ಬರತಿದ್ದಿಲ್ಲ."

"ಈಗ?"

ಕಲ್ಲಯ್ಯ ಕಪಾಟಿನ ಕಡೆ ನೋಡಿದರು, ಆಮೇಲೆ ನೆಲದ ಕಡೆ ನೋಡಿದರು. "ನಿಮ್ಮ ಕಾಲದಾಗ ಕೊಸರಿನ ಬಳಕಿ ಜೋರ ಆತ್ರಿ," ಎಂದರು, ತಪ್ಪು ತಮ್ಮದೇ ಎಂಬಂತೆ.

ಮನುಷ್ಯನೊಬ್ಬ ಇಪ್ಪತ್ತೆರಡು ವರ್ಷ ಊರ ತುಂಬ ಹೇಳಿಕೊಂಡು ತಿರುಗಿದ ಮಾತು ಒಂದು ಕಪಾಟಿನ ಮುಂದೆ ಹೀಗೆ ಮುಗಿದುಹೋದರೆ ಅವನಿಗೆ ಏನಾಗಬೇಡ? ಗುರುಪುತ್ರಪ್ಪ ಮನೆಗೆ ಬಂದವರೇ ಅವ್ವನ ಮುಂದೆ ಹೋಗಿ ನಿಂತರು. ಬಸವಣ್ಣೆವ್ವ ಎಂಬತ್ತು ದಾಟಿದ ಮುದುಕಿ, ಕಟ್ಟೆಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದರು.

"ಅವ್ವಾ, ಪೆಟಗಿ ಬಿಚ್ಚಿ ಬುಶ್ ಹಾಕ್ದಿ?"

"ಹಾಕ್ದ್ಯಾ. ನಸುಕಿನ್ಯಾಗ ಎದ್ದು ನಾನ ಹಾಕ್ದ್ಯಾ. ಟೇಪು ಬರೋಬ್ಬರಿ ಹಚ್ಚಿದ್ನಿಲ್ಲೋ?"

"ಯಾಕ ಹಾಕ್ದಿ? ನೂರು ಸಲ ಹೇಳಿರಲಿಲ್ಲಾ, ಕೊಸರು ಬ್ಯಾಡಾ ಅಂತ?"

ಬಸವಣ್ಣೆವ್ವ ಮೊರ ಕೆಳಗಿಟ್ಟರು. "ಹೇಳಿದ್ದಿಪಾ. ಆದ್ರ ನಿನ್ನ ಬುಶ್ಶಿನ ಮ್ಯಾಲೆ ನನಗ ನಂಬಿಕಿ ಇದ್ದಿದ್ರ ನಾ ಯಾಕ ಹಾಕತಿದ್ದ್ಯಾ?"

ಉತ್ತರವಿಲ್ಲದ ಮಾಲಕರು ಮಾಡುವುದನ್ನೇ ಗುರುಪುತ್ರಪ್ಪನವರೂ ಮಾಡಿದರು. ಕಾರಖಾನೆಗೆ ಹೋಗಿ ಆಳಿನ ಮೇಲೆ ಹರಿಹಾಯ್ದರು. ಅಷ್ಟರಲ್ಲಿ ಕಂಪನಿಯ ಕಂಪ್ಯೂಟರಿನಿಂದ ತಪಾಸಿನ ಸಂದೇಶವೂ ಬಂದಿತ್ತು. ಕೆಟ್ಟ ನಾಲ್ಕೂ ಬುಶ್ಶುಗಳ ಮುಂದೆ, ಎರಡನೇ ಲೇಥು, ಕೆಲಸಗಾರ ನಾಲ್ಕು.

"ಏನೋ ಗುರುಸಿದ್ದಾ! ಅಪ್ಪಾರ ಉಪ್ಪು ತಿಂದಾಂವ ನೀ. ನಿನ್ನ ಕೈ ಇಷ್ಟು ಕೆಟ್ಟು ಹೋಗೇತೇನು? ನಿನ್ನಿಂದ ನಾ ಆ ಗೇಟಿನ್ಯಾಗ ತಲಿ ಬಗ್ಗಸಬೇಕಾತು!"

ಗುರುಸಿದ್ದ ಲೇಥು ನಿಲ್ಲಿಸಿ ಸುಮ್ಮನೆ ನಿಂತ. ಕೆಲಸಗಾರರೆಲ್ಲ ತಮ್ಮ ತಮ್ಮ ಮುಂದಿನ ಕಬ್ಬಿಣವನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು.

"ಮಾವಾರ," ಎಂದಳು ಪೂರ್ಣಿಮಾ ಕಂಪ್ಯೂಟರಿನ ಹಿಂದಿನಿಂದ. "ಬೈಯೂ ಮೊದಲ ವ್ಯಾಳ್ಯಾ ಒಂದೀಟು ನೋಡ್ರಿ. ಒಂದು ಬುಶ್ ಮಂಗಳವಾರ ಒಂದೂಕಾಲಕ್ಕ ಆಗೇತಿ. ಒಂದು ಗುರುವಾರ ಒಂದೂವರಿಗೆ. ಇನ್ನೊಂದು ಶನಿವಾರ ಒಂದೂ ಇಪ್ಪತ್ತಕ್ಕ. ನಾಲ್ಕನೇದ್ದೂ ಮಧ್ಯಾಹ್ನ ಒಂದರ ಮ್ಯಾಲಿಂದ."

"ಆದ್ರೇನಾತು?"

"ಒಂದರಿಂದ ಎರಡರ ತನಕ ಗುರುಸಿದ್ದಣ್ಣ ಊಟಕ್ಕ ಹೋಗಿರ್ತಾನ್ರಿ."

ಹಾಗಾದರೆ ಆ ಹೊತ್ತಿನಲ್ಲಿ ಎರಡನೇ ಲೇಥಿನ ಮೇಲೆ ಯಾರು ಇರುತ್ತಾರೆ? ಇದು ಕಾರಖಾನೆಯ ಬೆಕ್ಕಿಗೂ ಗೊತ್ತಿತ್ತು. ಕೈ ಮರೆಯಬಾರದು, ಅಪ್ಪನ ಕಸುಬು ಬಿಡಬಾರದು ಎಂದು ಗುರುಪುತ್ರಪ್ಪನವರೇ ಆಗಾಗ ಮನಸ್ಸು ಬಂದಾಗ ಒಂದು ಬುಶ್ ಕೊರೆದಿಡುತ್ತಿದ್ದರು. ಅಳತೆಯ ಗೇಜು ಮುಟ್ಟುತ್ತಿರಲಿಲ್ಲ, ಕಣ್ಣಂದಾಜೇ ಸಾಕು ಎನ್ನುತ್ತಿದ್ದರು. ಆ ಬುಶ್ ಗುರುಸಿದ್ದನ ನಂಬರಿನಲ್ಲೇ ಹೋಗುತ್ತಿತ್ತು. ಈ ಸಲ ಅವರು ಮಾಡಿದ್ದು ನಾಲ್ಕು. ಕೆಟ್ಟದ್ದು ನಾಲ್ಕು. ಇಷ್ಟು ನಿಖರವಾದ ಕೆಲಸ ಲೇಥಿನ ಚರಿತ್ರೆಯಲ್ಲೇ ಅಪರೂಪ.

ಗುರುಪುತ್ರಪ್ಪ ಲೇಥಿನ ಮೇಲೆ ಕೈಯೂರಿದರು. ಇಪ್ಪತ್ತೆರಡು ವರ್ಷ ಹನ್ನೊಂದು ಜನ ಇದನ್ನು ನುಂಗಿಕೊಂಡಿದ್ದರು, ಕಲ್ಲಯ್ಯ ಮುಚ್ಚಿಟ್ಟಿದ್ದರು, ಅವ್ವ ತೇಪೆ ಹಚ್ಚಿದ್ದರು. ಎಲ್ಲರೂ ಮರ್ಯಾದೆಗೆ ಅಂಜಿದರು. ಮೋರೆ ನೋಡಿ ಮಾತಾಡುವುದು ಬಾರದ ಆ ಕಂಪ್ಯೂಟರ್ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿತು. ಅದರ ಮೇಲೆ ಅವರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಭಲೇ ಅನ್ನಿಸಿತು.

"ಗುರುಸಿದ್ದಾ," ಎಂದರು ಕಡೆಗೆ. "ನಿನಗ ಗೊತ್ತಿತ್ತಲ್ಲೋ. ನಾ ಬೈಯಾಕತ್ತಾಗ ಯಾಕ ಹೇಳಲಿಲ್ಲ?"

"ಮಾಲಕರಿಗೆ ಹ್ಯಾಂಗ ಹೇಳಬೇಕ್ರಿ?"

"ತಪ್ಪಾತಪಾ. ಬಾಯಿ ಬಿಟ್ಟು ಹೇಳತೀನಿ, ತಪ್ಪಾತು. ಇನ್ನ ನಾ ಈ ಲೇಥು ಮುಟ್ಟೂದಿಲ್ಲ."

ಗುರುಸಿದ್ದ ತಲೆ ಕೆರೆದುಕೊಂಡ. "ಮುಟ್ಟರಿ. ಆದ್ರ ಕಲತು ಮುಟ್ಟರಿ. ಮೊದಲ ಆ ಬಂಗಾರದ ಉಂಗುರ ತಗೀರಿ, ಲೇಥಿನ್ಯಾಗ ಸಿಕ್ಕೊಂಡ್ರ ಬೆರಳ ಹೋಗತೈತಿ."

ಮೂರನೆಯ, ಕಡೆಯ ಆರ್ಡರು ಬಂತು. ಹತ್ತು ದಿನ ದಿನಾಲು ಒಂದು ಗಂಟೆಗೆ, ಊಟ ಬೇಗ ಮುಗಿಸಿ ಬಂದ ಗುರುಸಿದ್ದನ ಮುಂದೆ ಐವತ್ತನಾಲ್ಕು ವರ್ಷದ ಮಾಲಕರು ಕೈಕಟ್ಟಿ ನಿಂತು ಪಾಠ ಹೇಳಿಸಿಕೊಂಡರು. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ರದ್ದಿಯ ತುಂಡುಗಳ ಮೇಲೆ ಕೊರೆದದ್ದರಲ್ಲಿ ಎರಡೂ ತುದಿ ಸಲೀಸಾಗಿ ಹೋಗುತ್ತಿದ್ದವು, ಇಲ್ಲವೇ ಎರಡೂ ಹೋಗುತ್ತಿರಲಿಲ್ಲ. ಗುರುಸಿದ್ದ ತಲೆಯಾಡಿಸಿ ಡಬ್ಬಿಗೆ ಎಸೆಯುತ್ತಿದ್ದ. ಬಾಳಕೃಷ್ಣ ಮಾಸ್ತರರು ಈ ದೃಶ್ಯಕ್ಕಾಗಿಯೇ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದು, "ಶಾಭಾಸ್, ಇನ್ನೊಂದು!" ಎಂದು ಹುರುಪು ಹಚ್ಚುತ್ತಿದ್ದರು.

ಹತ್ತನೆಯ ದಿನ ಮಧ್ಯಾಹ್ನ, ನಾನೂರಾ ತೊಂಬತ್ತೊಂಬತ್ತು ಬುಶ್ ಪೆಟ್ಟಿಗೆ ಸೇರಿ ಕಡೆಯದೊಂದು ಲೇಥಿನ ಮೇಲಿದ್ದಾಗ, ಹಿತ್ತಾಳೆಯ ಚೂರೊಂದು ಹಾರಿ ಗುರುಸಿದ್ದನ ಬಲಗೈ ಬೆರಳು ಸೀಳಿತು. ಬುಶ್ಶೂ ಹಾಳಾಯಿತು. ದವಾಖಾನೆಯಲ್ಲಿ ಮೂರು ಹೊಲಿಗೆ ಹಾಕಿಸಿಕೊಂಡು, ಬೆರಳಿಗೆ ಬದನೆಕಾಯಿಯಷ್ಟು ದಪ್ಪ ಪಟ್ಟಿ ಸುತ್ತಿಕೊಂಡು ಅವನು ಬಂದಾಗ ಒಂದೂವರೆ. ಮಾಲು ಮೂರಕ್ಕೆ ಮಚ್ಛೆಯ ಗೇಟಿನಲ್ಲಿರಬೇಕು. ಟೆಂಪೋ ಹೊರಗೆ ನಿಂತಿತ್ತು. ಎರಕದ ತುಂಡುಗಳು ಎರಡೇ ಉಳಿದಿದ್ದವು.

"ನೀವ ಮಾಡ್ರಿ," ಎಂದ ಗುರುಸಿದ್ದ.

"ನನಗ ಹುಚ್ಚ ಹಿಡದಿಲ್ಲ!" ಗುರುಪುತ್ರಪ್ಪ ಲೇಥಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಒಂದು ಕಡಿಮಿ ಅಂತ ಹೇಳಿ ಕಳಸೂಣು."

"ಅವರು ಕೇಳಿದ್ದು ಐನೂರು, ಮಾವಾರ," ಎಂದಳು ಪೂರ್ಣಿಮಾ. "ಕಡಿಮಿ ಆದ್ರೂ ಇದೂ ಹೋತು ಅಂತನ ತಿಳೀರಿ. ವಾಪಸು ಬಂದ ಹಳೇವೂ ನಡಿಯೂದಿಲ್ರಿ, ಈ ಆರ್ಡರು ಬಂದ ಮ್ಯಾಲೆ ಮಾಡಿದ್ದ ಇರಬೇಕು."

ಹನ್ನೊಂದು ಜನ ಲೇಥಿನ ಸುತ್ತ ನಿಂತಿದ್ದರು. ಗುರುಪುತ್ರಪ್ಪ ಒಬ್ಬೊಬ್ಬರ ಮೋರೆಯನ್ನೂ ನೋಡಿದರು. ಉಂಗುರ ತೆಗೆದು ಸೊಸೆಯ ಕೈಗೆ ಕೊಟ್ಟರು. ಲೇಥು ಸುರುವಾಯಿತು.

ಮೊದಲ ತುಂಡು. ಗುರುಸಿದ್ದ ಎಡಗೈಯಿಂದ ಗೇಜು ಹಾಕಿ ನೋಡಿದ. ಒಂದು ತುದಿ ಹೋಯಿತು. ಇನ್ನೊಂದೂ ಹೋಯಿತು. ಗುರುಸಿದ್ದ ಬುಶ್ಶನ್ನು ಡಬ್ಬಿಗೆ ಎಸೆದು, "ಕಡೀಕ ಅವಸರಾ ಮಾಡಿದ್ರಿ. ಉಸರ ಹಿಡದು ಮಾಡ್ರಿ," ಎಂದ. ಮಾಲಕರು ಅಂತ ದನಿ ತಗ್ಗಿಸಲಿಲ್ಲ. ಗುರುಪುತ್ರಪ್ಪ ಹೂಂ ಎಂದು ಕಡೆಯ ತುಂಡನ್ನು ಕಟ್ಟಿದರು.

ಆ ಏಳು ನಿಮಿಷ ಖಾನಾಪುರದಲ್ಲಿ ಲೇಥಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ ಎಂದು ಬಾಳಕೃಷ್ಣ ಮಾಸ್ತರರು ಇಂದಿಗೂ ಹೇಳುತ್ತಾರೆ. ಲೇಥು ನಿಂತಿತು. ಗೇಜಿನ ಒಂದು ತುದಿ ಒಳಗೆ ಹೋಯಿತು. ಗುರುಸಿದ್ದ ಅದನ್ನು ತಿರುಗಿಸಿ ಇನ್ನೊಂದು ತುದಿ ಇಟ್ಟ. ಹೋಗಲಿಲ್ಲ. ಒತ್ತಿದ. ಹೋಗಲಿಲ್ಲ. ಮತ್ತೊಮ್ಮೆ ಒತ್ತಿ, ಮೋರೆಯ ಮೇಲೆ ಏನನ್ನೂ ತೋರಿಸದೆ, ಬುಶ್ಶನ್ನು ಪೂರ್ಣಿಮಾಳ ಕಡೆ ಚಾಚಿದ.

"ನಂಬರ ಹೊಡೀಯವಾ."

ಪೂರ್ಣಿಮಾ ಐನೂರನೇ ನಂಬರು ಹೊಡೆದು ಕಂಪ್ಯೂಟರಿನ ಮುಂದೆ ಕೂತಳು. "ಕೆಲಸಗಾರ ಯಾರಂತ ಹಾಕಲಿ?"

"ನಾಲ್ಕು ಅಂತ..." ಎನ್ನಲು ಹೋಗಿ ಗುರುಪುತ್ರಪ್ಪ ನಾಲಿಗೆ ಕಚ್ಚಿಕೊಂಡರು. "ಬ್ಯಾಡ. ಮಾಲಕ ಅಂತ ಬರಿ."

"ಅಲ್ಲೆ ಅಕ್ಷರ ಹಿಡಿಯೂದಿಲ್ರಿ. ಹನ್ನೆರಡು ಅಂತ ಹಾಕ್ತೀನಿ."

ಕಾರಖಾನೆಯ ಹನ್ನೆರಡನೇ ನಂಬರಿನ ಕೆಲಸಗಾರರು ಹೂಂ ಎಂದು ತಲೆ ಅಲ್ಲಾಡಿಸಿದರು. ಸಂದೇಶ ಹೋಯಿತು, ಟೆಂಪೋ ಹೋಯಿತು. ಎರಡು ಐವತ್ತಕ್ಕೆ ಡ್ರೈವರನ ಫೋನು ಬಂತು. ಗೇಟಿನ ದೀಪ ಹಸಿರು ಹತ್ತಿದೆ, ಅಡ್ಡಪಟ್ಟಿ ತಾನಾಗಿಯೇ ಮೇಲೆದ್ದಿದೆ, ಯಾರೂ ಏನೂ ಕೇಳಲಿಲ್ಲ ಎಂದು. ಆದರೆ ಅದು ಎಣಿಕೆ ಮಾತ್ರ. ತಪಾಸಿನ ಸಂದೇಶ ಬರುವುದು ಮರುದಿನ.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲಸಗಾರರು, ಅವರ ಹೆಂಡರು, ಪಾರಿಶ್ವಾಡದ ಬೀಗರು, ಸಂಬಂಧವೇ ಇಲ್ಲದ ಹವಾಲ್ದಾರರು. ಟಿಣ್ ಎಂದಿತು. ಪೂರ್ಣಿಮಾ ಓದಿದಳು.

"ಹೇಳಿದ್ದು ಐನೂರು. ಮುಟ್ಟಿದ್ದು ಐನೂರು. ಒಪ್ಪಿದ್ದು ಐನೂರು. ಕೆಟ್ಟದ್ದು ಸೊನ್ನಿ. ಕಾಯಂ ಪಟ್ಟಿಗೆ ಸೇರಿಸೇತಿ, ಮಾವಾರ!"

ಕೋಣೆ ಹಾರಿಹೋಗುವ ಹಾಗೆ ಕೂಗೆದ್ದಿತು. ಬಾಳಕೃಷ್ಣ ಮಾಸ್ತರರು ಸಿಕ್ಕಾ ಇಲ್ಲದ ಆ ಪತ್ರಕ್ಕೆ ನಿಂತು ಸಲಾಮು ಹೊಡೆದರು. ಗುರುಪುತ್ರಪ್ಪ ಮಾತ್ರ ಕೂಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದು, "ಕಡೇ ಸಾಲು ತೋರಿಸವಾ," ಎಂದರು. ಪೂರ್ಣಿಮಾ ಪಟ್ಟಿಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿದಳು. ಐನೂರನೇ ಬುಶ್. ಎರಡನೇ ಲೇಥು. ಕೆಲಸಗಾರ ಹನ್ನೆರಡು. ಒಪ್ಪಿದೆ.

ಅವರು ಅದನ್ನು ಬೆರಳಿಟ್ಟು ಮೂರು ಸಲ ಓದಿದರು. ಅಲ್ಲಿ ಯಾರ ಮಗ ಎಂದಿರಲಿಲ್ಲ, ಯಾವ ಮನೆತನ ಎಂದಿರಲಿಲ್ಲ, ಅವರ ಮೋರೆ ನೋಡಿ ಯಾರೂ ಬರೆದಿರಲಿಲ್ಲ. ಕಣ್ಣು ಒದ್ದೆಯಾದವು. ಒರೆಸಿಕೊಳ್ಳದೆ ಹಾಗೇ ಕಟ್ಟೆಗೆ ಬಂದರು.

ಬಸವಣ್ಣೆವ್ವ ಮೊರದಿಂದ ತಲೆ ಎತ್ತಿದರು. "ಎಷ್ಟು ಪಾಸಾದುವು?"

"ಐನೂರಕ್ಕ ಐನೂರೂ ಅವ್ವಾ!"

"ಅವನ್ನ ಕೇಳಲಿಲ್ಲ. ನಿನ್ನವು ಎಷ್ಟು?"

"ಒಂದು."

ಬಸವಣ್ಣೆವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸುಕ್ಕುಗಟ್ಟಿದ ಮೋರೆ ನಿಧಾನಕ್ಕೆ ಅರಳಿತು.

"ಮತ್ತ ಇಲ್ಲೇನ್ ನಿಂತಿ?" ಎಂದರು. "ಹೋಗು, ಎರಡನೇದು ಮಾಡು."